ಬೋರಲಿಟ್ಟ ನಕ್ಷೆ

ಆರ್ಡಿಸ್ ಲೆಮ್ಕೆ ಎಂದರೆ ನಮ್ಮೂರಿನಲ್ಲಿ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ಗ್ರಂಥಾಲಯದಲ್ಲಿ ಪ್ರಿಂಟ್ ತೆಗೆದುಕೊಡುವವಳು ಎಂದರೆ ಆಗ, ಓ ಅವಳಾ, ಎನ್ನುತ್ತಾರೆ. ಎತ್ತರದ ಹೆಂಗಸು, ಸ್ವಲ್ಪ ಮುಂದಕ್ಕೆ ಬಾಗಿದ ಬೆನ್ನು, ಜುಲೈ ತಿಂಗಳಲ್ಲೂ ಮೈಮೇಲಿಂದ ಇಳಿಯದ ಬೂದು ಬಣ್ಣದ ಸ್ವೆಟರ್. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಕೇಳದಿದ್ದರೆ ಇಲ್ಲ. ಮೂವತ್ತೆರಡು ವರ್ಷ ನಾನು ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದೇನೆ. ಅವಳ ಬಗ್ಗೆ ಬರೆಯುವ ಯೋಗ್ಯತೆ ನನಗೆ ಇದೆಯೋ ಇಲ್ಲವೋ ಗೊತ್ತಿಲ್ಲ, ಆದರೆ ಬರೆಯದೆ ಸುಮ್ಮನಿರುವ ಹಕ್ಕಂತೂ ಇಲ್ಲ. ಅವಳಿಗೆ ಈ ಲೋಕದಲ್ಲಿ ತನ್ನದು ಎಂದು ಇದ್ದದ್ದು ಆ ಒಂದು ಕುರ್ಚಿ. ಅದು ತಪ್ಪಿದ್ದು ನನ್ನ ಬಾಯಿಂದ.

ನಾನು ರೋಲಿ ಟೆಸ್ಮರ್. ವಿಸ್ಕಾನ್ಸಿನ್ನಿನ ಈ ಮಾರ್ಸ್ಟನ್ ಫಾಲ್ಸ್ ಊರಿಗೆ ಇಪ್ಪತ್ತೊಂಬತ್ತು ವರ್ಷ ಅಂಚೆ ಹಂಚಿ ನಿವೃತ್ತನಾದವನು. ಆರ್ಡಿಸ್ ಆಗ ಹೊಳೆಯ ಪಕ್ಕದ ಬೂಟಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವವಳು. ಕತ್ತರಿಸುವವರು ಚರ್ಮವನ್ನು ಬೋರಲು ಹಾಕಿಕೊಂಡು ಹಿಂಬದಿಯಿಂದ ಚಾಕು ಎಳೆಯುತ್ತಾರೆ, ಮುಂಬದಿಗೆ ಗೀರು ಬೀಳಬಾರದೆಂದು. ಅವಳು ಎಳೆದ ಗೆರೆಗೆ ಅಳತೆಪಟ್ಟಿ ಇಟ್ಟು ನೋಡಿದವರು ಸೋತರು ಎಂದು ಕಾರ್ಖಾನೆಯವರು ಹೇಳುತ್ತಿದ್ದರು. ಅದು ನಿಜ.

ಶನಿವಾರ ಮಧ್ಯಾಹ್ನ ಲೈಲ್ ಹಾಫ್ನರ್ ಮನೆಯ ನೆಲಮಾಳಿಗೆಯಲ್ಲಿ ಆಟ. ಲೈಲ್ ಆಟದ ಯಜಮಾನ. ಅಂದರೆ ಗವಿ, ಕೋಟೆ, ಗಣಿ, ಅದರೊಳಗಿನ ಭೂತ ಬೇತಾಳ ಎಲ್ಲವೂ ಅವನ ತಲೆಯೊಳಗೆ ಇರುತ್ತವೆ, ಅವನು ಹೇಳುತ್ತಾ ಹೋಗುತ್ತಾನೆ. ಉಳಿದ ನಾವು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅದರೊಳಗೆ ಇಳಿಯುತ್ತೇವೆ. ಏನು ಮಾಡುತ್ತೇವೆ ಎಂದು ಬಾಯಲ್ಲಿ ಹೇಳುತ್ತೇವೆ, ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ಲೈಲನ ಮೇಜಿನಲ್ಲಿ ಎರಡೇ ಕಟ್ಟುಪಾಡು. ದಾಳ ಎಲ್ಲರ ಕಣ್ಣೆದುರು ಬೀಳಬೇಕು, ಬಿದ್ದದ್ದನ್ನು ಯಾರೂ ತಿದ್ದಬಾರದು. ಇನ್ನೊಂದು, ನಿನಗೆ ಗೊತ್ತಿದ್ದರೂ ನಿನ್ನ ಪಾತ್ರಕ್ಕೆ ಗೊತ್ತಿಲ್ಲದ್ದನ್ನು ಪಾತ್ರ ಮಾಡುವಂತಿಲ್ಲ. ಮೊದಲನೆಯದನ್ನು ಎಲ್ಲರೂ ಪಾಲಿಸಿದೆವು. ಎರಡನೆಯದನ್ನು ಪೂರ್ತಿಯಾಗಿ ಪಾಲಿಸಿದವಳು ಒಬ್ಬಳೇ.

ಆ ಕಾಲದಲ್ಲಿ ಈ ಆಟವನ್ನು ಸೈತಾನನ ಆಟ ಎನ್ನುತ್ತಿದ್ದರು. ಆರ್ಡಿಸ್ ಚರ್ಚಿನಲ್ಲಿ ಹಾಡುತ್ತಿದ್ದಳು. ಪಾದ್ರಿ ಅವಳನ್ನು ಕರೆದು, ಶನಿವಾರ ಅಲ್ಲಿ ಕೂರುವವರು ಭಾನುವಾರ ಇಲ್ಲಿ ನಿಲ್ಲುವುದು ಬೇಡ ಎಂದರಂತೆ. ಅವಳು ಹಾಡಿನ ಪುಸ್ತಕವನ್ನು ಬೆಂಚಿನ ಮೇಲಿಟ್ಟು ಬಂದಳು. ಇದನ್ನು ನಮಗೆ ಹೇಳಿದ್ದು ಅವಳಲ್ಲ. ಗೇಲ್ ಶ್ಮಿಟ್ಕೆ, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ನಮ್ಮ ಮೇಜಿನ ನಾಲ್ಕನೆಯವಳು, ಅದೂ ಆರು ವರ್ಷದ ಮೇಲೆ ಯಾರಿಂದಲೋ ಕೇಳಿಕೊಂಡು ಬಂದು ಹೇಳಿದಳು.

ಮೇಜಿನಲ್ಲಿ ಆರ್ಡಿಸಳ ಕೆಲಸ ನಕ್ಷೆ ಬಿಡಿಸುವುದು. ಲೈಲ್ ಹೇಳುತ್ತಿದ್ದ: ಓಣಿ ಉತ್ತರಕ್ಕೆ ಮೂವತ್ತಡಿ, ಅಲ್ಲಿ ಪೂರ್ವಕ್ಕೆ ತಿರುವು, ಹತ್ತಡಿಗೆ ಬಲಗಡೆ ಬಾಗಿಲು. ಚೌಕುಳಿ ಹಾಳೆಯ ಮೇಲೆ ಅವಳ ಪೆನ್ಸಿಲ್ ಅವನ ಮಾತಿನ ಹಿಂದೆಯೇ ಹೋಗುತ್ತಿತ್ತು. ಅದು ನಿಲ್ಲುವ ತನಕ ಅವನು ಮುಂದಿನ ಮಾತು ಆಡುತ್ತಿರಲಿಲ್ಲ. ನಾನೂ ಗೇಲೂ ಆ ಹೊತ್ತಿನಲ್ಲಿ ಹಸಿ ಚೀಸು ತಿನ್ನುತ್ತಾ ಬೇಟೆಯ ಮಾತು ಆಡುತ್ತಿದ್ದೆವು. ಓಣಿಯ ಅಳತೆ ಯಾರಿಗೆ ಬೇಕು? ಸಂಜೆ ಐದಕ್ಕೆ ಆಟ ಮುಗಿದಾಗ ಲೈಲ್ ತನ್ನ ಮೂಲ ನಕ್ಷೆ ತೆಗೆದು, ಅವಳದ್ದನ್ನು ಅದರ ಮೇಲಿಟ್ಟು, ಎರಡನ್ನೂ ಸೇರಿಸಿ ತಲೆಯ ಮೇಲಿನ ಬಲ್ಬಿಗೆ ಹಿಡಿಯುತ್ತಿದ್ದ. ಗೆರೆಯ ಮೇಲೆ ಗೆರೆ ಕೂತಿದ್ದರೆ ಗಂಟಲಿನಲ್ಲೇ ಹ್ಞೂಂ ಎನ್ನುತ್ತಿದ್ದ. ಅಷ್ಟೇ. ಆ ಒಂದು ಹ್ಞೂಂ ಹೊತ್ತುಕೊಂಡು ಅವಳು ಮನೆಗೆ ಹೋಗುತ್ತಿದ್ದಳು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಳು, ಹದಿನಾಲ್ಕು ವರ್ಷ.

ಲೈಲನಿಗೂ ಅವಳಿಗೂ ಏನಾದರೂ ಇತ್ತೇ ಎಂದು ಊರು ಕೇಳಿದ್ದುಂಟು. ಲೈಲನ ಹೆಂಡತಿ ಬಿಟ್ಟು ಹೋದ ಮರುದಿನ ಶನಿವಾರವಾಗಿತ್ತು. ಆಟ ನಡೆಯಿತು. ಅವನು ಹೇಳಿದ, ಅವಳು ಬಿಡಿಸಿದಳು. ಇದ್ದದ್ದು ಅದು. ಅದಕ್ಕೆ ಹೆಸರು ಇಡುವಷ್ಟು ಜಾಣ ನಾನಲ್ಲ.

ಅವಳ ಪಾತ್ರದ ಹೆಸರು ಓನಾ. ಕುಳ್ಳಿ, ಬೆಕ್ಕಿನ ಹೆಜ್ಜೆಯವಳು, ಬೀಗ ತೆಗೆಯುವುದರಲ್ಲಿ ನಿಸ್ಸೀಮಳು, ಗುಂಪಿನ ದೀಪ ಅವಳ ಕೈಯಲ್ಲಿ. ಎಂಬತ್ತೇಳನೇ ಇಸವಿಯಿಂದ ಒಂದೇ ಓನಾ. ನಾನು ಈ ಮಧ್ಯೆ ಒಂಬತ್ತು ಪಾತ್ರ ಸಾಯಿಸಿಕೊಂಡೆ. ಓನಾಳ ವಿವರ ಬರೆದ ಹಾಳೆ ಅಳಿಸಿ ಬರೆದು ತೂತು ಬೀಳುತ್ತಿತ್ತು, ಆರ್ಡಿಸ್ ಹೊಸ ಹಾಳೆಗೆ ನಕಲು ಮಾಡಿಕೊಳ್ಳುತ್ತಿದ್ದಳು. ಹಾಗೆ ಏಳು ಸಲ. ಗೊತ್ತಿಲ್ಲದ ಜಾಗದಲ್ಲಿ ದಾರಿ ಎರಡಾದರೆ ಓನಾ ಯಾವಾಗಲೂ ಎಡಕ್ಕೆ ಹೋಗುತ್ತಾಳೆ. ಎಡಗೈ ಗೋಡೆಗೆ ತಾಗಿಸಿಕೊಂಡು ಹೋದವರು ಎಷ್ಟು ದೂರ ಹೋದರೂ ಅದೇ ಗೋಡೆ ಹಿಡಿದು ವಾಪಸು ಬರಬಹುದು, ನಕ್ಷೆ ಬಿಡಿಸುವವರ ಲೆಕ್ಕ ಅದು. ಬೇರೆ ಕಾರಣ ಸಿಕ್ಕಿದರೆ ಮಾತ್ರ ಬಲಕ್ಕೆ.

ಎರಡು ವರ್ಷದ ಹಿಂದೆ ಲೈಲನ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ತೆಗೆದರು. ಧ್ವನಿ ಉಳಿಯಿತು, ಆದರೆ ಒಣಗಿದ ಎಲೆಯ ಮೇಲೆ ಕಾಲಿಟ್ಟ ಹಾಗೆ ಆಯಿತು. ಹತ್ತು ವಾಕ್ಯ ಹೇಳಿದರೆ ನೀರು ಕುಡಿಯಬೇಕು, ಇಪ್ಪತ್ತಾದರೆ ಸುಮ್ಮನಾಗಬೇಕು. ಮೂವತ್ತಡಿ ಉತ್ತರಕ್ಕೆ, ಹತ್ತಡಿ ಪೂರ್ವಕ್ಕೆ ಎನ್ನುವುದಕ್ಕೇ ಅವನ ಉಸಿರೆಲ್ಲ ಮುಗಿಯುತ್ತಿತ್ತು, ಕಥೆಗೆ ಏನೂ ಉಳಿಯುತ್ತಿರಲಿಲ್ಲ.

ಆಗ ಗೇಲ್ ಕಂಡುಹಿಡಿದದ್ದು ಈ ಅಚ್ಚು ನಕ್ಷೆಗಳನ್ನು. ಕಂಪ್ಯೂಟರಿನಲ್ಲಿ ತರಿಸಿಕೊಳ್ಳುವುದು. ಕೋಟೆಯೋ ಗಣಿಯೋ ಸುಡುಗಾಡೋ, ಯಾವುದು ಬೇಕಾದರೂ ಇದೆ. ಬಾಗಿಲು ಇಲ್ಲಿಂದ ತೆಗೆದು ಅಲ್ಲಿಡಬಹುದು, ಊರುಗಳಿಗೆ ನಮಗೆ ಬೇಕಾದ ಹೆಸರು ಹಾಕಬಹುದು, ಹೊಳೆ ತಿರುಗಿಸಬಹುದು, ಗುಂಡಿ ತೋಡಬಹುದು. ಆಮೇಲೆ ಎರಡು ಪ್ರತಿ ತೆಗೆಯಬೇಕು. ಒಂದು ಯಜಮಾನನಿಗೆ, ಅದರಲ್ಲಿ ಕಳ್ಳಬಾಗಿಲು, ಗುಂಡಿ, ವಿಷದ ಬಾಣ ಎಲ್ಲವೂ ಕೆಂಪಿನಲ್ಲಿ. ಇನ್ನೊಂದು ಆಡುವವರಿಗೆ, ಅದರಲ್ಲಿ ಬರೀ ಗೋಡೆ ನೆಲ. ಕತ್ತರಿಸಿ ಮೇಜಿನ ಮೇಲೆ ಒಂದೊಂದೇ ಹಾಳೆ ಇಡುತ್ತಾ ಹೋದರೆ ಲೈಲ್ ಓಣಿಯ ಬಗ್ಗೆ ಬಾಯಿ ಬಿಡಬೇಕಾಗಿಯೇ ಇಲ್ಲ.

ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಲ್ಲು ಕಲ್ಲಿನ ಹಾಗೆ, ಪಾಚಿ ಪಾಚಿಯ ಹಾಗೆ ಕಾಣುತ್ತಿತ್ತು. ಗೇಲ್ ಮೊದಲ ಹಾಳೆ ನೋಡಿ, ಮೂವತ್ತು ವರ್ಷ ನಾವು ಕಣ್ಣು ಕಟ್ಟಿಕೊಂಡು ಓಡಾಡಿದ್ವಲ್ಲ ಎಂದಳು. ಪ್ರಿಂಟ್ ಯಾರು ತೆಗೆಯುವುದು ಎಂಬ ಮಾತು ಬಂದಾಗ ಎಲ್ಲರೂ ಆರ್ಡಿಸಳ ಕಡೆ ತಿರುಗಿದೆವು. ಕಾರ್ಖಾನೆ ಮುಚ್ಚಿದ ಮೇಲೆ ಅವಳು ಗ್ರಂಥಾಲಯದಲ್ಲಿ ಅದೇ ಕೆಲಸ ಮಾಡುತ್ತಿದ್ದಳು, ಕತ್ತರಿಸುವ ಕೈಯಂತೂ ಗೊತ್ತೇ ಇತ್ತು. ಆಗಲಿ ಎಂದಳು. ತಾನು ಇನ್ನು ಏನು ಮಾಡಬೇಕು ಎಂದು ಅವಳು ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಮೊದಲ ಶನಿವಾರ ಅವಳು ಪೆನ್ಸಿಲ್ ಚೂಪು ಮಾಡಿಕೊಂಡೇ ಬಂದಿದ್ದಳು. ಮೇಜಿನ ಮೇಲೆ ಹಾಳೆ ಬಂತು, ಓಣಿ ಅದರಲ್ಲೇ ಇತ್ತು. ಸ್ವಲ್ಪ ಹೊತ್ತು ಪೆನ್ಸಿಲ್ ಹಿಡಿದು ಕೂತು, ಆಮೇಲೆ ಅದನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡಳು. ಐದು ಗಂಟೆಗೆ ಬಲ್ಬಿಗೆ ಹಿಡಿಯುವುದಕ್ಕೆ ಏನೂ ಇರಲಿಲ್ಲ. ಲೈಲ್ ಒಮ್ಮೆ ತಲೆ ಎತ್ತಿ ಬಲ್ಬು ನೋಡಿದ್ದು ನನಗೆ ನೆನಪಿದೆ. ಎಲ್ಲರೂ ಕೋಟು ಹಾಕಿಕೊಂಡು ಹೊರಟೆವು.

ಆಮೇಲೆ ಅವಳ ಕೈ ತೊಡೆಯ ಮೇಲೆ, ಮೇಜಿನ ಕೆಳಗೆ, ಏನೋ ಆಡುತ್ತಿರುತ್ತಿತ್ತು. ನಾನು ಜಪಮಣಿ ಇರಬೇಕು ಎಂದುಕೊಂಡೆ. ಜಪಮಣಿ ಹಿಡಿಯುವವರು ಕ್ಯಾಥೊಲಿಕರು, ಲುಥೆರನ್ ಚರ್ಚಿನವಳ ಕೈಗೆ ಅದು ಎಲ್ಲಿಂದ ಬರಬೇಕು? ಪಕ್ಕದಲ್ಲೇ ಕೂತು ನೋಡಿದವನ ಬುದ್ಧಿ ಅಷ್ಟು.

ಕಳೆದ ಅಕ್ಟೋಬರಿನಲ್ಲಿ ಉಪ್ಪಿನ ಗಣಿಗೆ ಇಳಿದೆವು. ಮೂರು ಅಂತಸ್ತಿನ ಗಣಿ, ಲೈಲ್ ಬೇಸಿಗೆಯೆಲ್ಲ ಕೂತು ತನಗೆ ಬೇಕಾದ ಹಾಗೆ ಮಾಡಿಕೊಂಡದ್ದು. ಮೇಜು ಚಿಕ್ಕದು. ಹೊಸ ಹಾಳೆ ಇಡಬೇಕಾದರೆ ಹಳೆಯದನ್ನು ಎತ್ತಬೇಕು. ಹಾಗಾಗಿ ಹಿಂದಿನ ಕೋಣೆ ಎಲ್ಲಿತ್ತು, ಎಷ್ಟು ಅಗಲವಿತ್ತು ಎಂದು ಯಾರ ತಲೆಯಲ್ಲೂ ಉಳಿಯುತ್ತಿರಲಿಲ್ಲ. ಮೊದಲ ಅಂತಸ್ತಿನಲ್ಲಿ ಮೂರು ವಾರ ಅಲೆದು ಕೆಳಗಿಳಿಯುವ ಮೆಟ್ಟಿಲು ಸಿಗದೆ ಸುಸ್ತಾಗಿದ್ದೆವು. ನನ್ನ ದಾಳ ಆ ದಿನ ಒಂದೂ ಬಿದ್ದಿರಲಿಲ್ಲ. ತಲೆ ಕೆಟ್ಟು ಕೂತಿದ್ದೆ. ಆಗ ಆರ್ಡಿಸ್ ಎಂದಿನ ಸಣ್ಣ ಧ್ವನಿಯಲ್ಲಿ, ಓನಾ ಈ ಪಡುವಣ ಗೋಡೆ ತಟ್ಟಿ ನೋಡ್ತಾಳೆ ಎಂದಳು. ಲೈಲನ ಮುಖ ಅರಳಿತು. ಎಷ್ಟೋ ತಿಂಗಳಿಂದ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಗೋಡೆಯ ಹಿಂದೆ ಟೊಳ್ಳು. ಕಳ್ಳಬಾಗಿಲು. ಮೆಟ್ಟಿಲು.

ನನಗೆ ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು. ಲೈಲ್ ಅವಳನ್ನು ನೋಡಿದ ಹಾಗೆ ನನ್ನನ್ನು ಒಂದು ಸಲವೂ ನೋಡಿದವನಲ್ಲ.

"ತಟ್ಟದೆ ಏನ್ ಮಾಡ್ತಾಳೆ?" ಎಂದೆ. "ಪ್ರಿಂಟ್ ತೆಗ್ದು ಕತ್ತರ್ಸಿ ಅಂಟ್ಸಿದ್ದು ಇವಳೇ ಅಲ್ವಾ? ಉತ್ರ ನೋಡ್ಕೊಂಡು ಪರೀಕ್ಷೆಗೆ ಕೂರೋರ ಪಕ್ಕ ನಮ್ಮನ್ನ ಕೂರ್ಸಿದೀಯಲ್ಲೋ ಲೈಲ್. ಇನ್ಮೇಲೆ ದಾಳ ಯಾಕೆ, ಆರ್ಡಿಸ್ನೇ ಕೇಳ್ಬಿಟ್ರೆ ಆಯ್ತು."

ಗೇಲ್ ನಕ್ಕಳು. ಅವಳು ಎಲ್ಲದಕ್ಕೂ ನಗುವವಳು, ಅವಳ ತಪ್ಪಿಲ್ಲ. ಲೈಲ್ ಕೈ ಎತ್ತಿ ಏನೋ ಹೇಳಹೋದ, ಕೆಮ್ಮು ಬಂತು. ಕೆಮ್ಮಿ ನೀರು ಕುಡಿದು ಸುಧಾರಿಸಿಕೊಳ್ಳುವಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿತ್ತು. ಆರ್ಡಿಸ್ ಕೆಂಪಾಗಲಿಲ್ಲ, ಜಗಳಕ್ಕೂ ಬರಲಿಲ್ಲ. ತೊಡೆಯ ಮೇಲಿದ್ದ ಕೈ ಮಾತ್ರ ನಿಂತಿತು. ಏನನ್ನೋ ಮಡಚಿ ಮೇಜಿನ ಕೆಳಗಿನ ಹಲಗೆಗೆ ಸೇರಿಸಿದಳು. ಆ ಸದ್ದು ನನಗೆ ಕೇಳಿಸಿತು. ಅದೇನೆಂದು ಕೇಳುವ ಮನಸ್ಸು ನನಗಿರಲಿಲ್ಲ.

ಮುಂದಿನದ್ದು ನವೆಂಬರಿನ ಎರಡನೇ ಶನಿವಾರ, ಜಿಂಕೆ ಬೇಟೆ ಶುರುವಾಗುವುದಕ್ಕೆ ಒಂದು ವಾರ ಮೊದಲು. ಗೇಲ್ ಕುಂಬಳದ ಕೇಕು ಮಾಡಿಕೊಂಡು ಬಂದಿದ್ದಳು. ಹೊರಗೆ ಹೆಪ್ಪುಗಟ್ಟುವ ಮಳೆ ಬೀಳುತ್ತಿತ್ತು, ನೆಲಮಾಳಿಗೆಯ ನೀರೆತ್ತುವ ಪಂಪು ಹತ್ತು ನಿಮಿಷಕ್ಕೊಮ್ಮೆ ಗೊರಗುಟ್ಟುತ್ತಿತ್ತು. ಗಣಿಯ ಎರಡನೇ ಅಂತಸ್ತು. ಮೆಟ್ಟಿಲು ಇಳಿದ ಕೂಡಲೇ ದಾರಿ ಎರಡಾಯಿತು. ಬಲಕ್ಕೆ ಅಗಲವಾದ ಓಣಿ, ಎಡಕ್ಕೆ ಕಿರಿದು. ಲೈಲ್ ಹಾಳೆ ಇಟ್ಟ.

ದೀಪ ಓನಾಳದ್ದು, ದಾರಿ ಹೇಳುವುದೂ ಅವಳೇ. ಎಲ್ಲರೂ ಆರ್ಡಿಸಳನ್ನು ನೋಡಿದೆವು. ಅವಳು ನನ್ನನ್ನು ನೋಡಿದಳು. ಕೋಪದಿಂದಲ್ಲ. ಬಾಗಿಲಿಗೆ ಚಿಲಕ ಹಾಕಿದೆಯೋ ಇಲ್ಲವೋ ಎಂದು ಹೊರಡುವ ಮೊದಲು ನೋಡುತ್ತಾರಲ್ಲ, ಹಾಗೆ.

"ನೀವಿಬ್ರೂ ಮೆಟ್ಲ ಮೇಲೇ ಇರಿ," ಎಂದಳು. "ಓನಾ ಎಡಕ್ಕೆ ಹೋಗಿ ನೋಡ್ಕೊಂಡ್ ಬರ್ತಾಳೆ."

"ಎಡಕ್ಕಾ?" ಎಂದ ಲೈಲ್.

"ಎಡಕ್ಕೆ."

ಲೈಲನ ಮೇಜಿನಲ್ಲಿ ಯಜಮಾನ ಒಂದು ಸಲ ಮರುಪ್ರಶ್ನೆ ಕೇಳಿದರೆ ಎಚ್ಚರ ಎಂದರ್ಥ. ಎರಡು ಸಲ ಕೇಳಿದ್ದನ್ನು ನಾನು ಕೇಳಿರಲಿಲ್ಲ. ಆ ದಿನ ಅವನು, ಆ ಹರಿದ ಗಂಟಲಿನಲ್ಲಿ, ಮೂರು ಸಲ ಕೇಳಿದ. ಮೂರನೆಯ ಸಲ ಧ್ವನಿಯೇ ಬರಲಿಲ್ಲ, ತುಟಿ ಮಾತ್ರ ಆಡಿತು. ಗೇಲ್ ತಿನ್ನುತ್ತಿದ್ದ ಕೇಕನ್ನು ತಟ್ಟೆಗಿಟ್ಟು, ಬಲಕ್ಕೇ ಹೋಗೋಣ ಕಣೇ, ಅಲ್ಲಿಂದ ಗಾಳಿ ಬರೋ ಹಾಗಿದೆ ಎಂದಳು.

"ದಾರಿ ಗೊತ್ತಿಲ್ದಿದ್ರೆ ಓನಾ ಎಡಕ್ಕೇ ಹೋಗೋದು," ಎಂದಳು ಆರ್ಡಿಸ್. "ಓನಾಗೆ ದಾರಿ ಗೊತ್ತಿಲ್ಲ."

ಹದಿನೈದನೇ ಅಡಿಯಲ್ಲಿ ನೆಲ ಹುಸಿಯಾಗಿತ್ತು. ಕೆಳಗೆ ನಲವತ್ತಡಿ, ತಳದಲ್ಲಿ ಉಪ್ಪಿನ ಈಟಿಗಳು. ಅಂಚು ಹಿಡಿದುಕೊಳ್ಳುವುದಕ್ಕೆ ಇಪ್ಪತ್ತು ಮುಖದ ದಾಳದಲ್ಲಿ ಹನ್ನೆರಡಾದರೂ ಬೀಳಬೇಕು. ಅವಳು ದಾಳವನ್ನು, ದಾಳ ಉರುಳಿಸಲೆಂದೇ ಇಟ್ಟಿದ್ದ ಡಬ್ಬಿಯ ಮುಚ್ಚಳದೊಳಗೆ ಬಿಟ್ಟಳು. ನಾಲ್ಕು. ಪಂಪು ಗೊರಗುಟ್ಟಿ ನಿಂತಿತು. ಗೇಲ್ ಲೈಲನ ತೋಳು ಹಿಡಿದು, ಇದೊಂದು ಸಲ ಬಿಟ್ಟುಬಿಡೋ ಎಂದಳು. ಲೈಲನ ಕೈ ದಾಳದ ಕಡೆ ಹೋಗಿದ್ದನ್ನು ನಾನು ಕಣ್ಣಾರೆ ನೋಡಿದೆ. ಮೂವತ್ತೆರಡು ವರ್ಷ ಒಂದು ದಾಳವನ್ನೂ ತಿದ್ದದವನು.

"ಬಿದ್ದದ್ದು ಬಿತ್ತು," ಎಂದಳು ಆರ್ಡಿಸ್.

ಸತ್ತ ಪಾತ್ರದ ಹಾಳೆಯ ಮೇಲೆ ಆಡಿದವರೇ ದಿನಾಂಕ, ಸತ್ತ ಜಾಗ ಬರೆದು ಲೈಲನ ಬಿಸ್ಕತ್ತಿನ ಡಬ್ಬಿಗೆ ಹಾಕುವುದು ನಮ್ಮಲ್ಲಿ ರೂಢಿ. ನನ್ನ ಒಂಬತ್ತೂ ಅದರಲ್ಲಿವೆ. ಅವಳು ಬರೆದಳು, ನಾಲ್ಕಾಗಿ ಮಡಚಿ ಹಾಕಿದಳು. ಹೊಸ ಪಾತ್ರ ಮಾಡಿಕೊಳ್ಳುವುದಕ್ಕೆ ಖಾಲಿ ಹಾಳೆ ಕೊಡಲಾ ಎಂದು ಗೇಲ್ ಕೇಳಿದ್ದಕ್ಕೆ, ಇವತ್ತು ಬೇಡ ಎಂದಳು. ಐದರ ತನಕ ನಮ್ಮ ಜೊತೆ ಕೂತು, ತಟ್ಟೆಗಳನ್ನು ತೊಳೆದಿಟ್ಟು ಹೋದಳು. ಬೇಟೆಯ ವಾರ ಕಳೆದು ಡಿಸೆಂಬರಿನಲ್ಲಿ ಸೇರಿದಾಗ ಅವಳ ಕುರ್ಚಿ ಖಾಲಿ. ಕತ್ತರಿಸಿದ ನಕ್ಷೆಯ ಲಕೋಟೆ ಲೈಲನ ಬಾಗಿಲ ಹಿಡಿಕೆಗೆ ನೇತು ಹಾಕಿತ್ತು. ಮುಂದಿನ ಶನಿವಾರವೂ ಅದೇ. ಲಕೋಟೆ ಬರುತ್ತಿತ್ತು, ಅವಳು ಬರುತ್ತಿರಲಿಲ್ಲ.

ಮುಖ ಊದಿಸಿಕೊಂಡಿದ್ದಾಳೆ, ಬರ್ತಾಳೆ ಬಿಡಿ ಎಂದವನು ನಾನೇ. ಹಾಗೆ ಹೇಳುತ್ತಲೇ ಕೈಜಾರಿದ ಪೆನ್ಸಿಲ್ ಹುಡುಕಲು ಮೇಜಿನ ಕೆಳಗೆ ಬಗ್ಗಿದೆ. ಹಲಗೆಯ ಮೇಲೆ ಮಡಚಿದ ಹಾಳೆ ಸಿಕ್ಕಿತು. ಚೌಕುಳಿ ಹಾಳೆ. ಉಪ್ಪಿನ ಗಣಿಯ ಮೊದಲ ಅಂತಸ್ತು, ಪೆನ್ಸಿಲಿನಲ್ಲಿ, ಮೊದಲ ದಿನದಿಂದ. ತೊಡೆಯ ಮೇಲಿಟ್ಟುಕೊಂಡು, ಕಣ್ಣಿಟ್ಟು ನೋಡದೆ ಬಿಡಿಸಿದ್ದು. ಪಡುವಣ ಗೋಡೆಯ ಪಕ್ಕ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: ಈ ಕೋಣೆಗೂ ಉಗ್ರಾಣಕ್ಕೂ ನಡುವೆ ಹತ್ತಡಿ ಲೆಕ್ಕ ಸಿಗುತ್ತಿಲ್ಲ, ತಟ್ಟಿ ನೋಡಬೇಕು.

ಹಾಳೆಯನ್ನು ಲೈಲನ ಮುಂದಿಟ್ಟೆ. ಅವನು ತುಂಬಾ ಹೊತ್ತು ನೋಡಿದ. ಆಮೇಲೆ ತನ್ನ ಅಚ್ಚಿನ ಹಾಳೆಗಳನ್ನು ತಂದು, ಅವಳ ಅಳತೆಗೆ ಚಿಕ್ಕದು ಮಾಡಿದ ಒಂದು ಪ್ರತಿಯನ್ನು ಹುಡುಕಿ ತೆಗೆದು, ಎರಡನ್ನೂ ಸೇರಿಸಿ ಬಲ್ಬಿಗೆ ಹಿಡಿದ. ಗೆರೆಯ ಮೇಲೆ ಗೆರೆ ಕೂತಿತ್ತು. ಹ್ಞೂಂ ಎಂದ. ಆ ಗಂಟಲಿನಲ್ಲಿ ಅದು ಅಳುವಿನ ಹಾಗೆ ಕೇಳಿಸಿತು, ಅಳುವೇ ಇರಬಹುದು.

ಉಳಿದದ್ದನ್ನು ಅವನು ನೀರು ಕುಡಿಯುತ್ತಾ, ನಿಲ್ಲಿಸಿ ನಿಲ್ಲಿಸಿ ಹೇಳಿದ. ಆರ್ಡಿಸ್ ಪ್ರಿಂಟ್ ತೆಗೆದ ಒಂದು ಹಾಳೆಯನ್ನೂ ಮಗುಚಿ ನೋಡಿದವಳಲ್ಲವಂತೆ. ಗ್ರಂಥಾಲಯದ ಹಳೇ ಯಂತ್ರ ಹಾಳೆಯನ್ನು ಬೋರಲಾಗಿ ಬಿಡುತ್ತಿತ್ತು. ಅವಳು ಹಾಗೆಯೇ ತೆಗೆದು, ಚರ್ಮ ಕತ್ತರಿಸಿದ ಹಾಗೆ ಹಿಂಬದಿಯಿಂದ ಅಂಚು ಕತ್ತರಿಸಿ, ಹಿಂದೆಯೇ ಸಂಖ್ಯೆ ಬರೆದು ಲಕೋಟೆಗೆ ಹಾಕುತ್ತಿದ್ದಳು. ನವೆಂಬರಿನಲ್ಲಿ ಹೊಸ ಯಂತ್ರ ಬಂತು. ಅದು ಮುಖ ಮೇಲಾಗಿ ಉಗುಳಿತು. ಮೊದಲು ಬಂದದ್ದು ಯಜಮಾನನ ಪ್ರತಿ. ನಮಗಾದರೆ ಒಂದು ಕ್ಷಣ ಕಂಡದ್ದು ಮರೆತುಹೋಗುತ್ತಿತ್ತು. ಅವಳ ಕಣ್ಣಿಗೆ ಒಂದು ಕ್ಷಣ ಸಾಕು. ಆ ಗುರುವಾರವೇ ಅವಳು ಲೈಲನ ಮನೆಗೆ ಹೋಗಿ, ಎರಡನೇ ಅಂತಸ್ತು ನನ್ನ ಕಣ್ಣಿಗೆ ಬಿತ್ತು ಎಂದು ಹೇಳಿದ್ದಳು. ಲೈಲ್, ಅದಕ್ಕೇನು, ಗುಂಡಿ ಎತ್ತಿ ಬೇರೆ ಕಡೆ ಇಡ್ತೀನಿ, ಕಂಪ್ಯೂಟರಿನಲ್ಲಿ ಅರ್ಧ ನಿಮಿಷದ ಕೆಲಸ, ಬೇರೆ ಯಾರ ಕೈಯಲ್ಲಾದರೂ ಪ್ರಿಂಟ್ ತೆಗೆಸ್ತೀನಿ ಎಂದನಂತೆ.

"ಅದಕ್ಕೆ ಏನಂದ್ಲು ಗೊತ್ತಾ?" ಎಂದ ಲೈಲ್. "ನನಗೋಸ್ಕರ ಮ್ಯಾಪು ಬದಲಾಯ್ಸಿದ್ರೆ ರೋಲಿ ಹೇಳಿದ್ದೇ ನಿಜ ಆಗತ್ತಲ್ಲ ಅಂದ್ಲು."

ನನಗೆ ಆಗ ಇನ್ನೊಂದು ಹೊಳೆಯಿತು. ನೀವಿಬ್ಬರೂ ಮೆಟ್ಟಿಲ ಮೇಲೇ ಇರಿ ಎಂದಿದ್ದಳು. ದೀಪ ಹಿಡಿದವಳ ಹಿಂದೆ ನಾವು ಎರಡು ಹೆಜ್ಜೆ ಅಂತರದಲ್ಲಿ ಹೋಗುವುದು ವಾಡಿಕೆ, ಆ ದಿನವೂ ಹೋಗಿದ್ದರೆ ಮೂವರೂ ಗುಂಡಿಯೊಳಗೆ. ಓನಾಗೆ ಗೊತ್ತಿರಬಾರದ ಒಂದೇ ಒಂದನ್ನು ಅವಳು ಬಳಸಿಕೊಂಡಿದ್ದಳು. ಮೂವತ್ತೆರಡು ವರ್ಷದಲ್ಲಿ ಅವಳು ಮಾಡಿದ ಮೋಸ ಅದೊಂದೇ, ಅದು ನನ್ನನ್ನು ಉಳಿಸುವುದಕ್ಕೆ.

ಜನವರಿಯಲ್ಲಿ ಲೈಲನಿಗೆ ಮೆಟ್ಟಿಲು ಹತ್ತಿ ಇಳಿಯುವುದೂ ಕಷ್ಟವಾಯಿತು. ಮೂರನೇ ಅಂತಸ್ತಿನ ನಕ್ಷೆ ತುಂಬಿದ ಪೆನ್‌ಡ್ರೈವ್ ತೆಗೆದುಕೊಂಡು ಗ್ರಂಥಾಲಯಕ್ಕೆ ಹೋದವನು ನಾನು. ಒಳಗೆ ಬೂಟಿನ ಹಿಮ ಒದರುತ್ತಾ ನಿಂತೆ. ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತೆಲ್ಲ ಬಾಯಿಗೆ ಬಂದಾಗ ನಾಲ್ಕೇ ಪದವಾಯಿತು.

"ನಾನು ಹಾಗೆ ಅನ್ನಬಾರ್ದಿತ್ತು ಆರ್ಡಿಸ್."

"ಪರವಾಗಿಲ್ಲ ಬಿಡು," ಎಂದಳು. ನಮ್ಮ ಕಡೆ ಪರವಾಗಿಲ್ಲ ಎಂದರೆ ಅದರ ಮೇಲೆ ಇನ್ನು ಮಾತು ಬೇಡ ಎಂದು. ಆದರೂ ನಾನು ಜೇಬಿನಿಂದ ಅವಳ ಪೆನ್ಸಿಲ್ ನಕ್ಷೆ ತೆಗೆದು ಕೊಟ್ಟೆ. ಅದನ್ನು ಬಿಡಿಸಿ ನೋಡಿದಳು. ಸಿಕ್ಕಿಬಿದ್ದವಳ ಹಾಗೆ ಮುಖ ಕೆಂಪಾಯಿತು. ಇಷ್ಟು ದಿನ ಅದನ್ನು ಯಾಕೆ ಮುಚ್ಚಿಟ್ಟಿದ್ದಳು ಎಂದು ಆಗ ನನಗೆ ತಿಳಿಯಿತು. ತಾನು ಇನ್ನೂ ಬಿಡಿಸುತ್ತಿದ್ದೇನೆ ಎಂದು ಗೊತ್ತಾದರೆ, ಹೇಳಲಾಗದ ಲೈಲನಿಗೆ ನೋವಾಗುತ್ತದೆ ಎಂದು.

"ಬಲ್ಬಿಗೆ ಹಿಡಿದ್ನಾ?" ಎಂದು ಕೇಳಿದಳು.

"ಹಿಡಿದ. ಕೂದಲಷ್ಟೂ ತಪ್ಪಿಲ್ಲ."

"ಏನಂದ?"

"ಹ್ಞೂಂ ಅಂದ."

ಅವಳು ಹಾಳೆಯನ್ನು ಮಡಚಿ ಸ್ವೆಟರಿನ ಜೇಬಿಗೆ ಹಾಕಿಕೊಂಡಳು. ನನಗೆ ಸ್ವಲ್ಪ ಧೈರ್ಯ ಬಂತು. ಬಲಗಡೆ ಓಣಿಯಲ್ಲಿ ಹೋದೆವು, ಅಲ್ಲಿ ಒಂದು ದೊಡ್ಡ ಕೆರೆ, ಅದನ್ನು ದಾಟುವುದಕ್ಕೆ ಎಂದು ಶುರು ಮಾಡಿದೆ. ಅವಳು ಅಂಗೈ ಎತ್ತಿ ನನ್ನ ಬಾಯಿಗೆ ಅಡ್ಡ ಹಿಡಿದಳು.

"ಹೇಳ್ಬೇಡ."

ಆಮೇಲೆ ಯಂತ್ರದ ಹತ್ತಿರ ಹೋದಳು. ಪ್ರಿಂಟಿನ ಗುಂಡಿ ಒತ್ತುವ ಮೊದಲು ಮೈಮೇಲಿನ ಸ್ವೆಟರ್ ತೆಗೆದು ಹಾಳೆ ಬೀಳುವ ತಟ್ಟೆಯ ಮೇಲೆ ಹೊದಿಸಿದಳು. ಸ್ವೆಟರ್ ಇಲ್ಲದ ಆರ್ಡಿಸಳನ್ನು ನಾನು ನೋಡಿದ್ದು ಅದೇ ಮೊದಲು. ತೋಳು ಎಷ್ಟು ತೆಳ್ಳಗಿತ್ತು. ಯಂತ್ರಕ್ಕೆ ಬೆನ್ನು ಹಾಕಿ ನಿಂತು, ಸದ್ದು ನಿಂತ ಮೇಲೆ ಸ್ವೆಟರಿನ ಕೆಳಗೆ ಕೈ ಹಾಕಿ, ಹಾಳೆಗಳನ್ನು ತಡವಿ ಬೋರಲು ಮಾಡಿ ಹೊರಗೆ ತೆಗೆದಳು. ಕಣ್ಣು ಕಿಟಕಿಯ ಕಡೆ ಇತ್ತು. ಆಡುವುದನ್ನೇ ಬಿಟ್ಟವಳು ಯಾಕೆ ಇಷ್ಟು ಮಾಡಬೇಕು ಎಂದು ನಾನು ಕೇಳಲಿಲ್ಲ. ಕುರ್ಚಿ ಬಿಟ್ಟುಕೊಟ್ಟಿರಲಿಲ್ಲ ಅವಳು. ಅಷ್ಟು ನನಗೆ ತಿಳಿಯಿತು. ಹಿಂದಿರುಗುವಾಗ ಕಾರಿನಲ್ಲಿ ನಾನು ಶಿಳ್ಳೆ ಹಾಕಿದೆ.

ಮುಂದಿನ ಶನಿವಾರ ಕರೆಯೋಣ, ಅದರ ಮುಂದಿನ ಶನಿವಾರ ಕರೆಯೋಣ ಎಂದುಕೊಳ್ಳುತ್ತಾ ಫೆಬ್ರವರಿ ಹೋಯಿತು. ಅಷ್ಟು ಬೇಗ ಕರೆದರೆ ಬಲವಂತವಾಗುತ್ತದೆ ಎಂದುಕೊಂಡೆ, ಅವಳೇ ಬರಲಿ ಎಂದುಕೊಂಡೆ. ನನ್ನಂಥ ದಡ್ಡನಿಗೆ ಜಾಣತನ ಬರಲು ಇದೇ ಹೊತ್ತು ಸಿಗಬೇಕೆ? ಮಾರ್ಚಿನ ಎರಡನೇ ವಾರ ಲೈಲನಿಗೆ ಇನ್ನೊಂದು ಶಸ್ತ್ರಚಿಕಿತ್ಸೆ ಆಯಿತು. ಈ ಸಲ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಮನೆಗೆ ಬಂದವನು ಸ್ಲೇಟಿನ ಮೇಲೆ ಬರೆದು ತೋರಿಸಿದ, ಇನ್ನು ಆಟ ಸಾಕು ಎಂದು. ಮೇಜಿನ ಮೇಲೆ ಈಗ ಗೇಲ್ ತಂದಿಟ್ಟ ಟೊಮೇಟೊ ಬಾಟಲಿಗಳಿವೆ.

ಆ ಸುದ್ದಿಯನ್ನು ಗ್ರಂಥಾಲಯಕ್ಕೆ ಒಯ್ದವನೂ ನಾನೇ. ಜೊತೆಗೆ ಲೈಲ್ ಒಂದು ಲಕೋಟೆ ಕೊಟ್ಟಿದ್ದ. ಉಪ್ಪಿನ ಗಣಿಯ ಮೂರೂ ಅಂತಸ್ತು, ಯಜಮಾನನ ಪ್ರತಿ, ಕೆಂಪು ಗುರುತುಗಳೆಲ್ಲ ಇದ್ದದ್ದು. ಇನ್ನು ಮುಚ್ಚಿಡಬೇಕಾದ್ದು ಏನೂ ಇಲ್ಲ, ನೋಡು ಎಂದು ಮೇಲೆ ಬರೆದಿದ್ದ. ಆ ಕೆರೆಯ ಆಚೆ ಏನಿದೆ ಎಂದು ನಮಗೂ ಗೊತ್ತಾಗದೆ ಆಟ ನಿಂತಿತ್ತು.

ಅವಳು ಕೇಳಿಸಿಕೊಂಡಳು. ಲಕೋಟೆ ತೆಗೆದುಕೊಂಡಳು. ಹಾಳೆಗಳನ್ನು ಹೊರಗೆ ಎಳೆದು, ಹಿಂಬದಿ ಮೇಲಾಗಿ ಕೌಂಟರಿನ ಮೇಲಿಟ್ಟು, ಅಂಚು ಸರಿಮಾಡಿ, ಅದರ ಮೇಲೆ ಪಿನ್ ಹೊಡೆಯುವ ಸ್ಟೇಪ್ಲರ್ ಇಟ್ಟಳು.

"ಆಮೇಲೆ ನೋಡ್ತೀನಿ ರೋಲಿ," ಎಂದಳು.

ಈಗ ಜೂನ್. ವಾರಕ್ಕೊಂದು ಸಲ ಪತ್ರಿಕೆ ಓದುವ ನೆಪ ಮಾಡಿಕೊಂಡು ಹೋಗುತ್ತೇನೆ. ಹಾಳೆಗಳು ಅಲ್ಲೇ ಇವೆ, ಬೋರಲಾಗಿಯೇ.